ರೈಲು ಹುಚ್ಚಿನವರ ಹರಟೆ: ಪದೇ ಪದೇ ಕೇಳುವ ಪ್ರಶ್ನೆಗಳು

ರೈಲು ಇಷ್ಟಪಡುವವರು ಒಂದೆಡೆ ಸೇರಿದರೆ ಮಾತು ನಿಲ್ಲುವುದಿಲ್ಲ. ಪಕ್ಕದಲ್ಲಿ ಕೂತವರಿಗೆ ತಲೆಬುಡ ಅರ್ಥವಾಗುವುದಿಲ್ಲ. ಅಂಥವರು ಎದುರಿಗೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಸುಲಭದ್ದು ಮೊದಲು, ಜಗಳದ್ದು ಕೊನೆಗೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿದರೂ ನಡೆಯುತ್ತದೆ.

## ಹೊಸಬರು ಕೇಳುವುದು

ಅಷ್ಟು ಹೊತ್ತು ರೈಲಿನ ಬಗ್ಗೆ ಮಾತಾಡೋಕೆ ಏನಿರುತ್ತೆ?

ಒಬ್ಬರು ಶುರುಮಾಡುತ್ತಾರೆ: "ಬೆಳಗ್ಗೆ ಹೋದ ಗೂಡ್ಸ್‌ಗೆ ಎರಡು ಇಂಜಿನ್ ಇತ್ತು. ಎರಡನೆಯದು ಕೆಲಸ ಮಾಡ್ತಿರಲಿಲ್ಲ, ಸುಮ್ನೆ ಎಳೆಸಿಕೊಂಡು ಹೋಗ್ತಿತ್ತು." ಅಷ್ಟು ಸಾಕು. ಅದು ಕೆಟ್ಟಿತ್ತಾ, ರಿಪೇರಿಗೆ ಹೋಗ್ತಿತ್ತಾ, ಬೇರೆ ಶೆಡ್‌ಗೆ ವರ್ಗವಾಯ್ತಾ? ಒಬ್ಬರಿಗೆ ಅದರ ನಂಬರ್ ನೆನಪಿರುತ್ತದೆ. ಇನ್ನೊಬ್ಬರು ಹೋದ ವರ್ಷ ಅದೇ ಇಂಜಿನ್ನನ್ನು ಬೇರೆ ಬಣ್ಣದಲ್ಲಿ ನೋಡಿರುತ್ತಾರೆ. ಮೂರನೆಯವರು ಆ ಹೊತ್ತಿಗೆ ಮೊಣಕಾಲು ನೋವಿನಿಂದ ಮನೆಯಲ್ಲೇ ಇದ್ದರು. ಮಾತು ಮೊಣಕಾಲಿಗೆ ಹೊರಳುತ್ತದೆ, ಅಲ್ಲಿಂದ ಡಾಕ್ಟರಿಗೆ, ಮಗನ ಪರೀಕ್ಷೆಗೆ, ಮಳೆಗೆ. ಮಳೆಯಿಂದ ತಡವಾದ ರೈಲಿಗೆ ವಾಪಸ್ ಬರುತ್ತದೆ.

ನನ್ನ ಲೆಕ್ಕದಲ್ಲಿ ಅರ್ಧ ಮಾತು ರೈಲಿನದು, ಉಳಿದರ್ಧ ಸಂಸಾರದ್ದು. ಯಾವಾಗ ಯಾವುದು ಅಂತ ಗೆರೆ ಎಳೆಯೋಕೆ ಹೋಗಬೇಡಿ.

ಇದೊಂಥರ ಹುಚ್ಚು ಅಲ್ವಾ?

ಹೌದು, ಆದರೆ ಹಳೆಯ ಹುಚ್ಚು. ಸಂಗೀತಗಾರ ಆಂಟೋನಿನ್ ಡ್ವೊರ್ಜಾಕ್ 19ನೇ ಶತಮಾನದಲ್ಲೇ ಪ್ರಾಗ್ ಸ್ಟೇಷನ್ನಿಗೆ ಇಂಜಿನ್ ನೋಡಲು ಹೋಗುತ್ತಿದ್ದರು. ಬ್ರಿಟನ್ನಿನಲ್ಲಿ ರೈಲ್ವೆ ಕಂಪನಿಯೊಂದರ ಗುಮಾಸ್ತರಾಗಿದ್ದ ಇಯಾನ್ ಅಲನ್ 1942ರಲ್ಲಿ ಇಂಜಿನ್ ನಂಬರ್‌ಗಳ ಪಟ್ಟಿಯನ್ನು ಪುಸ್ತಿಕೆ ಮಾಡಿ ಮಾರಿದರು. ಆಮೇಲೆ ಒಂದು ತಲೆಮಾರಿನ ಹುಡುಗರು ನಂಬರ್ ಗುರುತುಹಾಕುತ್ತಾ ಪ್ಲಾಟ್‌ಫಾರ್ಮಿನಲ್ಲೇ ಬೆಳೆದರು. ಜಪಾನಿನಲ್ಲಿ ಈ ಹುಚ್ಚಿಗೆ ಒಳಪಂಗಡಗಳೇ ಇವೆ: ಫೋಟೋ ತೆಗೆಯುವವರು ಟೋರಿ-ತೆತ್ಸು, ಪ್ರಯಾಣಕ್ಕೇ ಪ್ರಯಾಣ ಮಾಡುವವರು ನೋರಿ-ತೆತ್ಸು, ಸದ್ದು ರೆಕಾರ್ಡ್ ಮಾಡುವವರು ಓತೋ-ತೆತ್ಸು. ನೀವು ಯಾವ ಪಂಗಡ ಅಂತ ನಿಮಗೇ ಗೊತ್ತಾಗುತ್ತದೆ, ಸ್ವಲ್ಪ ದಿನ ಬಿಡಿ.

ಟೆಕ್ನಿಕಲ್ ಆಗಿ ನನಗೆ ಏನೂ ಗೊತ್ತಿಲ್ಲ, ರೈಲು ಇಷ್ಟ ಅಷ್ಟೇ. ಮಾತಿಗೆ ಸೇರಬಹುದಾ?

ಸೇರಿ. ಇಂಜಿನ್ನಿನ ಹೆಸರು ಗೊತ್ತಿಲ್ಲದಿದ್ದರೆ "ಹಸಿರು ಬಣ್ಣದ್ದು, ಮೂತಿ ಉದ್ದ ಇತ್ತು" ಅನ್ನಿ. ನಾಲ್ಕು ಜನ ಪೈಪೋಟಿ ಮೇಲೆ ಹೆಸರು ಹೇಳುತ್ತಾರೆ. ಕಂಡಿದ್ದನ್ನು ಸರಿಯಾಗಿ ಹೇಳುವವರಿಗೆ ಇಲ್ಲಿ ಬೆಲೆ ಜಾಸ್ತಿ. ಎಷ್ಟು ಬೋಗಿ, ಯಾವ ಹೊತ್ತು, ಯಾವ ಕಡೆಗೆ ಅನ್ನುವುದನ್ನು ಗಮನಿಸಿ ಬಂದರೆ ಸಾಕು. ಎಲ್ಲದಕ್ಕೂ ತಿದ್ದುಪಡಿ ಹಾಕುವ ಒಬ್ಬರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಅವರಿಗೆ ಹೆದರಿ ಸುಮ್ಮನಾಗಬೇಡಿ.

ದಿನಾ ಅದೇ ರೈಲು ನೋಡಿ ಬೇಜಾರಾಗಲ್ವಾ?

ಅದೇ ರೈಲು ಅಂತ ಹೇಳುವುದು ಟೈಮ್‌ಟೇಬಲ್ ಮಾತ್ರ. ಇಂಜಿನ್ ಬದಲಾಗಿರುತ್ತದೆ, ಬೋಗಿಗಳ ಸಾಲು ಬದಲಾಗಿರುತ್ತದೆ, ಬೆಳಕು ಬೇರೆ ಇರುತ್ತದೆ. ಒಂದು ಬೋಗಿಯ ಚಕ್ರ ಲಯ ತಪ್ಪದೆ ಟಪ್ ಟಪ್ ಅಂತ ಬಡಿಯುತ್ತಿದ್ದರೆ ಅದರ ಸುತ್ತು ಒಂದು ಕಡೆ ಚಪ್ಪಟೆಯಾಗಿದೆ ಅಂತ ಅರ್ಥ. ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ತಿರುಗದೆ ಹಳಿ ಮೇಲೆ ಜಾರಿದರೆ ಹಾಗಾಗುತ್ತದೆ. ಮಾರನೇ ದಿನ ಆ ಸದ್ದು ಇಲ್ಲದಿದ್ದರೆ ಬೋಗಿ ಕಳಚಿದ್ದಾರಾ ಅಂತ ಹುಡುಕುವುದರಲ್ಲೇ ಒಂದು ಸಂಜೆ ಕಳೆಯುತ್ತದೆ.

ಎಲ್ಲಿ ನಿಂತು ನೋಡಿದರೆ ಸೇಫ್?

ಸಾರ್ವಜನಿಕರಿಗೆ ಬಿಟ್ಟಿರುವ ಜಾಗದಲ್ಲಿ ಮಾತ್ರ: ಪ್ಲಾಟ್‌ಫಾರ್ಮಿನ ಗೆರೆಯ ಹಿಂದೆ, ಮೇಲ್ಸೇತುವೆ, ಹಳಿ ಪಕ್ಕದ ಬೇಲಿಯ ಹೊರಗೆ. ಇದರಲ್ಲಿ ಚೌಕಾಸಿ ಇಲ್ಲ. ಕಾರಣ ಇಷ್ಟು. ರೈಲಿನ ಮೈ ಹಳಿಗಿಂತ ಎರಡೂ ಕಡೆ ಸಾಕಷ್ಟು ಹೊರಚಾಚಿರುತ್ತದೆ. ಎದುರಿಂದ ಬರುವ ರೈಲಿನ ಸದ್ದು ನಾವಂದುಕೊಂಡಷ್ಟು ಮುಂಚೆ ಕೇಳುವುದಿಲ್ಲ. ದೊಡ್ಡ ವಸ್ತುವಾದ್ದರಿಂದ ಅದರ ವೇಗ ಕಣ್ಣಿಗೆ ಕಡಿಮೆ ಕಾಣುತ್ತದೆ. ತುಂಬಿದ ಗೂಡ್ಸ್ ರೈಲು ಪೂರ್ತಿ ವೇಗದಲ್ಲಿದ್ದರೆ ನಿಲ್ಲಲು ಒಂದು ಕಿಲೋಮೀಟರಿಗೂ ಹೆಚ್ಚು ಬೇಕು. ಒಂದು ರೈಲು ಹೋದ ಕೂಡಲೇ ಪಕ್ಕದ ಹಳಿಯಲ್ಲಿ ಇನ್ನೊಂದು ಬರಬಹುದು. ಮೇಲಿನ ತಂತಿಯಲ್ಲಿ ಬಹಳ ಕಡೆ 25,000 ವೋಲ್ಟ್ ಇರುತ್ತದೆ. ಅದು ಹಾರಿ ಬಡಿಯಲು ಮುಟ್ಟಲೇಬೇಕು ಅಂತಿಲ್ಲ, ಹತ್ತಿರ ಹೋದರೂ ಸಾಕು. ಸೆಲ್ಫಿ ಕೋಲು ಹಿಡಿದವರು ಇದನ್ನು ಎರಡು ಸಲ ಓದಲಿ.

## ಮನೆ, ಕೆಲಸ, ಕ್ಯಾಮೆರಾ

ಮನೆಯವರನ್ನು ಹೇಗೆ ಒಪ್ಪಿಸ್ತೀರಾ?

ಪೂರ್ತಿ ಒಪ್ಪಿಸಿದವರನ್ನು ನಾನು ಕಂಡಿಲ್ಲ. ನಡೆಯುವ ದಾರಿ ಅಂದರೆ ಮುಂಚೆಯೇ ಹೇಳುವುದು. "ದಾರಿಯಲ್ಲಿ ಒಂದು ಸೇತುವೆ ಇದೆ, ಹತ್ತು ನಿಮಿಷ ನಿಲ್ತೀನಿ" ಅಂತ ಹೊರಡುವಾಗಲೇ ಹೇಳಿದರೆ ಅದು ಪ್ಲಾನ್. ಅಲ್ಲಿಗೆ ಹೋದ ಮೇಲೆ ಹೇಳಿದರೆ ಜಗಳ. ಹತ್ತು ನಿಮಿಷ ಅಂದ ಮೇಲೆ ಹತ್ತೇ ನಿಮಿಷ, ರೈಲು ಬರದಿದ್ದರೂ ಹೊರಡಬೇಕು. ಮಕ್ಕಳಿದ್ದರೆ ಅವರ ಬೆನ್ನ ಹಿಂದೆ ಅಡಗಿಕೊಳ್ಳಬಹುದು ಅಂತ ಕೆಲವರ ಉಪಾಯ. ಮಕ್ಕಳು ಬೆಳೆದು ಆಸಕ್ತಿ ಕಳೆದುಕೊಂಡ ದಿನ ಅದೂ ಬಯಲಾಗುತ್ತದೆ.

ಹಳಿ ಪಕ್ಕದಲ್ಲೇ ಮನೆ ಮಾಡಿದರೆ ನಿದ್ದೆ ಬರುತ್ತಾ?

ಒಂದೇ ಸಮ ಹೋಗುವ ಸದ್ದಿಗೆ ಹೆಚ್ಚಿನವರು ಹೊಂದಿಕೊಳ್ಳುತ್ತಾರೆ. ಎಬ್ಬಿಸುವುದು ಹಾರ್ನ್ ಮತ್ತು ರಾತ್ರಿ ಗೂಡ್ಸಿನ ಅದುರು. ಹಾಗಾಗಿ ಹಳಿಯಿಂದ ಎಷ್ಟು ದೂರ ಅನ್ನುವುದಕ್ಕಿಂತ ಲೆವೆಲ್ ಕ್ರಾಸಿಂಗ್ ಎಷ್ಟು ದೂರ ಅಂತ ನೋಡಿ, ಹಾರ್ನ್ ಹೊಡೆಯುವುದು ಅದಕ್ಕೆ. ತಿರುವಿನಲ್ಲಿ ಮನೆ ಇದ್ದರೆ ಚಕ್ರ ಹಳಿಗೆ ಉಜ್ಜಿ ಕಿರ್ರೆನ್ನುವ ಸದ್ದೂ ಸೇರುತ್ತದೆ. ಬಾಡಿಗೆಗೆ ಹೋಗುವ ಮುಂಚೆ ಒಂದು ರಾತ್ರಿ ಹೊತ್ತು ಹೋಗಿ ನಿಂತು ಕೇಳುವುದು ಒಳ್ಳೆಯದು.

ರೈಲ್ವೆ ಕೆಲಸದವರಿಗೂ ನಿಮ್ಮಷ್ಟು ರೈಲು ಇಷ್ಟಾನಾ?

ಕೆಲವರಿಗೆ ಹೌದು, ಬಹಳ ಜನರಿಗೆ ಅದು ಕೆಲಸ. ರಾತ್ರಿ ಪಾಳಿ, ಹೊತ್ತಿಲ್ಲದ ಹೊತ್ತಿನಲ್ಲಿ ಊಟ, ಹಬ್ಬದ ದಿನವೂ ಡ್ಯೂಟಿ. ನಾವು ಕೈ ಬೀಸಿದಾಗ ಚಾಲಕರು ಹಾರ್ನ್ ಒತ್ತಿದರೆ ಖುಷಿಪಡೋಣ, ಒತ್ತದಿದ್ದರೆ ಬೇಸರ ಬೇಡ. ಡ್ಯೂಟಿಯಲ್ಲಿದ್ದವರನ್ನು ಮಾತಿಗೆಳೆಯುವುದು ತಪ್ಪು. ನಿವೃತ್ತರ ಜೊತೆ ಕೂರುವುದು ಬೇರೆ. ಕೈಗಾಡಿ ತಳ್ಳಿಕೊಂಡು ಹಳಿ ಪರೀಕ್ಷೆ ಮಾಡಿದವರು, ಲಿವರ್ ಎಳೆದು ಸಿಗ್ನಲ್ ಬೀಳಿಸಿದವರು ಒಂದು ಸಂಜೆ ಮಾತಾಡಿದರೆ ಯಾವ ಪುಸ್ತಕದಲ್ಲೂ ಇಲ್ಲದ್ದು ಸಿಗುತ್ತದೆ.

ಫೋಟೋದಲ್ಲಿ ರೈಲಿನ ಮುಂದಿನ ಲೈಟ್ ಬೋರ್ಡ್ ಅರ್ಧಂಬರ್ಧ ಬರುತ್ತೆ, ಯಾಕೆ?

ಎಲ್‌ಇಡಿ ಬೋರ್ಡಿನ ಸಾಲುಗಳು ಒಟ್ಟಿಗೆ ಉರಿಯುವುದಿಲ್ಲ, ಒಂದಾದ ಮೇಲೊಂದು ವೇಗವಾಗಿ ಮಿನುಗುತ್ತವೆ. ಕಣ್ಣಿಗೆ ಪೂರ್ತಿ ಕಾಣುತ್ತದೆ, ವೇಗದ ಶಟರ್‌ಗೆ ಒಂದು ತುಂಡು ಮಾತ್ರ ಸಿಗುತ್ತದೆ. 1/125 ಸೆಕೆಂಡ್ ಅಥವಾ ಇನ್ನೂ ನಿಧಾನಕ್ಕೆ ಇಳಿಸಿ ನೋಡಿ. ರೈಲು ಓಡುತ್ತಿದ್ದರೆ ಆಗ ಮಸುಕಾಗುತ್ತದೆ, ಆದ್ದರಿಂದ ಸ್ಟೇಷನ್ನಿಗೆ ನಿಧಾನವಾಗಿ ಬರುವಾಗ ಮುಂದಿನಿಂದ ತೆಗೆಯುವುದು ಸರಿ. ಫ್ಲಾಷ್ ಮಾತ್ರ ಬೇಡವೇ ಬೇಡ. ಚಾಲಕರ ಕಣ್ಣಿಗೆ ಹೊಡೆಯುತ್ತದೆ.

## ಪ್ರಯಾಣ ಮಾಡುವವರ ಕುತೂಹಲ

ಮೊದಲಿನ ಹಾಗೆ ಟಕ-ಟಕ, ಟಕ-ಟಕ ಸದ್ದು ಈಗ ಯಾಕಿಲ್ಲ?

ಆ ಸದ್ದು ಬರುತ್ತಿದ್ದದ್ದು ಹಳಿಗಳ ಸೇರಿಕೆಯಿಂದ. ಮೊದಲು ಹಳಿ ತುಂಡುಗಳನ್ನು ಪಟ್ಟಿ ಇಟ್ಟು ಬೋಲ್ಟ್ ಹಾಕಿ ಜೋಡಿಸುತ್ತಿದ್ದರು. ಬಿಸಿಲಿಗೆ ಹಿಗ್ಗಲಿ ಅಂತ ನಡುವೆ ಸಣ್ಣ ಸಂದು ಬಿಡುತ್ತಿದ್ದರು. ಚಕ್ರ ಆ ಸಂದು ದಾಟುವಾಗ ಬಡಿಯುತ್ತಿತ್ತು. ಈಗ ಹಳಿಗಳನ್ನು ಬೆಸೆದು ಉದ್ದಕ್ಕೆ ಒಂದೇ ಮಾಡುತ್ತಾರೆ.

ಹಾಗಾದರೆ ಹಿಗ್ಗುವುದು ಎಲ್ಲಿ ಹೋಯಿತು? ಒಂದು ಕಿಲೋಮೀಟರ್ ಉಕ್ಕಿನ ಹಳಿ 40 ಡಿಗ್ರಿ ಬಿಸಿ ಏರಿದರೆ ಸುಮಾರು 48 ಸೆಂಟಿಮೀಟರ್ ಉದ್ದವಾಗಬೇಕು. ಆದರೆ ಸ್ಲೀಪರ್ (ಹಳಿ ಕೆಳಗಿನ ಅಡ್ಡದಿಮ್ಮಿ), ಕ್ಲಿಪ್ ಮತ್ತು ಜಲ್ಲಿ ಅದನ್ನು ಬಿಗಿಯಾಗಿ ಹಿಡಿದಿರುತ್ತವೆ. ಉದ್ದವಾಗಲು ಜಾಗವಿಲ್ಲದೆ ಹಳಿಯೊಳಗೇ ಒತ್ತಡ ಸೇರುತ್ತದೆ. ಆ ಜಾಗದ ಬಿಸಿಲು-ಚಳಿ ನೋಡಿ, ತೀರಾ ಬಿಸಿಯೂ ಅಲ್ಲದ ತೀರಾ ತಂಪೂ ಅಲ್ಲದ ಒಂದು ಉಷ್ಣತೆಗೆ ಹೊಂದಿಸಿ ಹಳಿ ಬಿಗಿಯುವುದು ಅದಕ್ಕೇ. ಸುಡುಬಿಸಿಲಿನ ಮಧ್ಯಾಹ್ನ ಕೆಲವು ಕಡೆ ರೈಲುಗಳ ವೇಗ ಇಳಿಸುವುದೂ ಹಳಿ ಸೊಟ್ಟಗಾದೀತು ಅನ್ನುವ ಭಯಕ್ಕೆ.

ಹಳೇ ಥರದ ಲೈನ್ ಸಿಕ್ಕರೆ ಒಂದು ಆಟ ಆಡಿ. ಹಳಿ ತುಂಡು 13 ಮೀಟರ್ ಉದ್ದದ್ದಾಗಿದ್ದರೆ, ನಿಮ್ಮ ಸೀಟಿನ ಕೆಳಗೆ 47 ಸೆಕೆಂಡಿನಲ್ಲಿ ಎಷ್ಟು ಸಲ "ಟಕ-ಟಕ" ಜೋಡಿ ಕೇಳುತ್ತದೋ ಅಷ್ಟೇ ಗಂಟೆಗೆ ಕಿಲೋಮೀಟರ್ ವೇಗ. ಮೊಬೈಲ್ ವೇಗ ತೋರಿಸುವುದಕ್ಕೆ ಮುಂಚೆ ನಾವು ಕಿಟಕಿ ಪಕ್ಕ ಕೂತು ಮಾಡುತ್ತಿದ್ದದ್ದು ಇದನ್ನೇ.

ಸ್ಟೀರಿಂಗ್ ಇಲ್ದೆ ರೈಲು ಹೇಗೆ ತಿರುಗುತ್ತೆ?

ಚಕ್ರ ಹಳಿ ಮೇಲೆ ಕೂರುವ ಭಾಗ ಚಪ್ಪಟೆ ಇರುವುದಿಲ್ಲ. ಒಳಗಡೆ ದಪ್ಪ, ಹೊರಗಡೆ ಸ್ವಲ್ಪ ಸಣ್ಣ, ಹೆಚ್ಚುಕಮ್ಮಿ 20ಕ್ಕೆ 1ರಷ್ಟು ಇಳಿಜಾರು. ಎರಡೂ ಚಕ್ರ ಒಂದೇ ಅಚ್ಚಿಗೆ ಬಿಗಿದಿರುತ್ತವೆ. ತಿರುವಿನಲ್ಲಿ ಜೋಡಿ ಹೊರಗಿನ ಕಡೆಗೆ ಜರುಗುತ್ತದೆ. ಆಗ ಹೊರ ಹಳಿಯ ಮೇಲೆ ಚಕ್ರದ ದಪ್ಪ ಭಾಗ, ಒಳ ಹಳಿಯ ಮೇಲೆ ಸಣ್ಣ ಭಾಗ ಉರುಳುತ್ತದೆ. ಒಂದೇ ಸುತ್ತಿಗೆ ಹೊರ ಚಕ್ರ ಜಾಸ್ತಿ ದೂರ ಹೋಗಿ ಜೋಡಿ ತಾನಾಗಿ ತಿರುಗುತ್ತದೆ. ಚಕ್ರದ ಒಳಬದಿಯ ಅಂಚು ಇರುವುದು ತೀರಾ ಕಡಿದಾದ ತಿರುವಿಗೆ, ಕೊನೆಯ ಕಾವಲಿಗೆ.

ಹಳಿ ಕೆಳಗೆ ಅಷ್ಟು ಜಲ್ಲಿ ಯಾಕೆ?

ಭಾರ ಹರಡಲು, ನೀರು ಬಸಿಯಲು, ಸ್ಲೀಪರ್ ಅಲ್ಲಾಡದಂತೆ ಹಿಡಿಯಲು. ಮೂಲೆ ಮೊನಚಾದ ಕಲ್ಲೇ ಬೇಕು, ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ನದಿಯ ನುಣುಪು ಕಲ್ಲು ಉರುಳಿಹೋಗುತ್ತದೆ.

ನಿಂತಿದ್ದರೂ ಡೀಸೆಲ್ ಇಂಜಿನ್ ಆಫ್ ಮಾಡಲ್ವಲ್ಲ, ದಂಡ ಅಲ್ವಾ?

ಸ್ವಲ್ಪ ದಂಡವೇ. ಆದರೆ ಅದೇ ಇಂಜಿನ್ ರೈಲಿನ ಬ್ರೇಕಿಗೆ ಬೇಕಾದ ಗಾಳಿಯನ್ನೂ ತುಂಬುತ್ತಿರುತ್ತದೆ. ಚಳಿ ದೇಶಗಳಲ್ಲಿ ಇನ್ನೊಂದು ತೊಂದರೆ: ಇಷ್ಟು ದೊಡ್ಡ ಇಂಜಿನ್ನಿನ ತಂಪಾಗಿಸುವ ನೀರಿಗೆ ಹೆಪ್ಪುಗಟ್ಟದ ದ್ರವ ಸಾಮಾನ್ಯವಾಗಿ ಸೇರಿಸಿರುವುದಿಲ್ಲ, ಆಫ್ ಮಾಡಿದರೆ ನೀರು ಹೆಪ್ಪುಗಟ್ಟಿ ಇಂಜಿನ್ನೇ ಒಡೆಯಬಹುದು. ಹೊಸ ಇಂಜಿನ್ನುಗಳಲ್ಲಿ ಬ್ಯಾಟರಿ, ಉಷ್ಣತೆ, ಗಾಳಿ ಒತ್ತಡ ನೋಡಿಕೊಂಡು ತಾನಾಗಿ ನಿಂತು ತಾನಾಗಿ ಶುರುವಾಗುವ ವ್ಯವಸ್ಥೆ ಇದೆ.

ರೈಲಿಗೆ ಬ್ರೇಕ್ ಫೇಲ್ ಆಗುತ್ತಾ?

ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಮಾಡಿದ ಮೊದಲ ಏರ್ ಬ್ರೇಕಿನಲ್ಲಿ ಗಾಳಿ ಕಳಿಸಿದರೆ ಬ್ರೇಕ್ ಹಿಡಿಯುತ್ತಿತ್ತು. ಪೈಪ್ ಒಡೆದರೆ ಬ್ರೇಕೇ ಇಲ್ಲ. 1872ರ ಹೊತ್ತಿಗೆ ಅವರು ಅದನ್ನು ತಲೆಕೆಳಗು ಮಾಡಿದರು. ಪ್ರತಿ ಬೋಗಿಯಲ್ಲೂ ಗಾಳಿಯ ಟ್ಯಾಂಕ್, ಪೈಪಿನಲ್ಲಿ ಯಾವಾಗಲೂ ಒತ್ತಡ. ಒತ್ತಡ ಇಳಿದರೆ ಟ್ಯಾಂಕಿನ ಗಾಳಿ ಬ್ರೇಕ್ ಒತ್ತುತ್ತದೆ. ರೈಲು ಎರಡು ತುಂಡಾದರೂ ಎರಡೂ ತುಂಡು ನಿಲ್ಲುತ್ತವೆ. ಇಂದಿಗೂ ಹೆಚ್ಚಿನ ಕಡೆ ಇದೇ ತತ್ವ.

ಆದರೆ ಗಾಳಿ ಶಾಶ್ವತ ಅಲ್ಲ. 2013ರ ಜುಲೈನಲ್ಲಿ ಕೆನಡಾದ ಲ್ಯಾಕ್-ಮೆಗಾಂಟಿಕ್‌ನಲ್ಲಿ ಆದದ್ದು ಅದು. ಇಳಿಜಾರಿನ ಮೇಲೆ ರಾತ್ರಿ ನಿಲ್ಲಿಸಿದ್ದ ಕಚ್ಚಾತೈಲದ ರೈಲಿನ ಇಂಜಿನ್‌ಗೆ ಬೆಂಕಿ ಹತ್ತಿತು. ಬೆಂಕಿ ಆರಿಸಲು ಬಂದವರು ಇಂಜಿನ್ ಆಫ್ ಮಾಡಿದರು. ಗಾಳಿ ಮೆಲ್ಲಗೆ ಸೋರಿತು. ಕೈಬ್ರೇಕುಗಳನ್ನು ಸಾಕಷ್ಟು ಹಾಕಿರಲಿಲ್ಲ. ರೈಲು ಉರುಳಿ ಊರೊಳಗೆ ಹಳಿ ತಪ್ಪಿ ಸ್ಫೋಟಿಸಿತು, 47 ಜನ ಸತ್ತರು. ಬಿಟ್ಟುಹೋಗುವ ರೈಲಿಗೆ ಕೈಬ್ರೇಕ್ ಹಾಕಿದ್ದಾರಾ ಅಂತ ಹಳಬರು ಮತ್ತೆ ಮತ್ತೆ ಕೇಳುವುದು ಸುಮ್ಮನೆ ಅಲ್ಲ.

ನಡುದಾರಿಯಲ್ಲಿ ನನ್ನ ರೈಲನ್ನು ಯಾಕೆ ಸುಮ್ನೆ ನಿಲ್ಲಿಸ್ತಾರೆ?

ಹಳಿಯನ್ನು ಬ್ಲಾಕ್‌ಗಳಾಗಿ ಹಂಚಿರುತ್ತಾರೆ. ಸಾಮಾನ್ಯವಾಗಿ ಒಂದು ಬ್ಲಾಕಿನಲ್ಲಿ ಒಂದೇ ರೈಲು. ಮುಂದಿನದು ಖಾಲಿಯಾಗದೆ ನಿಮಗೆ ಸಿಗ್ನಲ್ ಇಲ್ಲ. ಒಂಟಿ ಹಳಿಯ ದಾರಿಯಾದರೆ ಎದುರಿಂದ ಬರುವ ರೈಲು ಸ್ಟೇಷನ್ನಿನಲ್ಲಿ ಪಕ್ಕಕ್ಕೆ ಸರಿಯಬೇಕು. ಒಂದು ರೈಲು ಬೆಳಗ್ಗೆ ತಡವಾದರೆ ಸಂಜೆಯ ಹೊತ್ತಿಗೂ ಅದರ ಬಿಸಿ ಬೇರೆ ರೈಲುಗಳಿಗೆ ತಟ್ಟುತ್ತಿರುತ್ತದೆ. ಕಾರಣ ಹೇಳದೆ ನಿಲ್ಲಿಸುವುದು ಮಾತ್ರ ನನಗೂ ಸಿಟ್ಟು ಬರಿಸುತ್ತದೆ.

## ಹಳೇ ಹುಲಿಗಳ ವಾದ

"4-6-2", "ಕೋ-ಕೋ" ಅಂತ ಏನೋ ಹೇಳ್ತೀರಲ್ಲ, ಏನದು?

ಮೊದಲನೆಯದು ಸ್ಟೀಮ್ ಇಂಜಿನ್ನಿನ ಚಕ್ರದ ಲೆಕ್ಕ. ಮುಂದೆ ದಾರಿ ತೋರುವ 4 ಸಣ್ಣ ಚಕ್ರ, ನಡುವೆ ಎಳೆಯುವ 6 ದೊಡ್ಡ ಚಕ್ರ, ಹಿಂದೆ ಭಾರ ಹೊರುವ 2. ಈ 4-6-2ಕ್ಕೆ ಪೆಸಿಫಿಕ್ ಅಂತ ಹೆಸರು, 2-8-2ಕ್ಕೆ ಮಿಕಾಡೊ. ಅಮೆರಿಕದ ಯೂನಿಯನ್ ಪೆಸಿಫಿಕ್ ಎಂಬ ರೈಲ್ವೆ ಕಂಪನಿಗಾಗಿ 1941ರಿಂದ 25 ಮಾತ್ರ ಕಟ್ಟಿದ ಬಿಗ್ ಬಾಯ್ 4-8-8-4. ಅವುಗಳಲ್ಲಿ 4014 ನಂಬರಿನದನ್ನು ರಿಪೇರಿ ಮಾಡಿ 2019ರಲ್ಲಿ ಮತ್ತೆ ಓಡಿಸಿದರು.

ಡೀಸೆಲ್, ಕರೆಂಟ್ ಇಂಜಿನ್ನುಗಳಿಗೆ ಅಚ್ಚಿನ ಲೆಕ್ಕ. ಬಿ ಅಂದರೆ ಇಂಜಿನ್ನಿನ ಕೆಳಗೆ ಚಕ್ರ ಹಿಡಿದಿರುವ ಒಂದು ಚೌಕಟ್ಟಿಗೆ ಎರಡು ಅಚ್ಚು, ಸಿ ಅಂದರೆ ಮೂರು. ಪಕ್ಕದ ಓ ಅಂದರೆ ಪ್ರತಿ ಅಚ್ಚಿಗೂ ಬೇರೆ ಮೋಟಾರ್. ಕೋ-ಕೋ ಅಂದರೆ ಅಂಥ ಎರಡು ಚೌಕಟ್ಟು, ಒಟ್ಟು ಆರು ಅಚ್ಚು, ಆರು ಮೋಟಾರ್.

ಎಲ್ಲಕ್ಕಿಂತ ಫಾಸ್ಟ್ ಓಡಿದ ಸ್ಟೀಮ್ ಇಂಜಿನ್ ಯಾವುದು?

ಇದನ್ನು ಕೇಳಿ ಎದ್ದು ಹೋಗಿಬಿಡಿ, ಎರಡು ಗಂಟೆ ಬಿಟ್ಟು ಬಂದರೂ ಮಾತು ಮುಗಿದಿರುವುದಿಲ್ಲ. ದಾಖಲೆ ಬ್ರಿಟನ್ನಿನ ಮ್ಯಾಲರ್ಡ್‌ನದು: 1938ರ ಜುಲೈ 3ರಂದು ಗಂಟೆಗೆ 126 ಮೈಲಿ, ಅಂದರೆ ಸುಮಾರು 203 ಕಿ.ಮೀ. ಜರ್ಮನಿಯ 05 002 ಇಂಜಿನ್ 1936ರ ಮೇ 11ರಂದು ಗಂಟೆಗೆ 200.4 ಕಿ.ಮೀ. ಮುಟ್ಟಿತ್ತು. ಜರ್ಮನ್ ಪಕ್ಷದವರ ವಾದ: ಮ್ಯಾಲರ್ಡ್ ಓಡಿದ್ದು ಇಳಿಜಾರಿನಲ್ಲಿ, ಆ ವೇಗ ಇದ್ದದ್ದು ಒಂದು ಕ್ಷಣ, ಕೊನೆಗೆ ನಡುವಿನ ಬೇರಿಂಗ್ ಕಾದು ಇಂಜಿನ್ನನ್ನು ದಾರಿಯಲ್ಲೇ ರೈಲಿನಿಂದ ಬಿಡಿಸಬೇಕಾಯಿತು. ನಮ್ಮದು ಹೆಚ್ಚುಕಮ್ಮಿ ಸಮತಟ್ಟಿನಲ್ಲಿ ಓಡಿದ್ದು. ಮ್ಯಾಲರ್ಡ್ ಪಕ್ಷ ಒಂದೇ ಮಾತು ಹೇಳುತ್ತದೆ: ದಾಖಲೆ ದಾಖಲೆಯೇ.

ನನ್ನ ಮತ ಕೇಳಿದರೆ, ಇಂಜಿನ್ ಒಳ್ಳೆಯದು ಜರ್ಮನಿಯದು, ದಾಖಲೆ ಮ್ಯಾಲರ್ಡ್‌ನದೇ. ಎರಡೂ ಪಕ್ಷಕ್ಕೆ ಈ ಉತ್ತರ ಹಿಡಿಸುವುದಿಲ್ಲ.

ಪ್ರಪಂಚಕ್ಕೆಲ್ಲ ಒಂದೇ ಗೇಜ್ ಯಾಕಿಲ್ಲ?

ಗೇಜ್ ಅಂದರೆ ಎರಡು ಹಳಿಗಳ ನಡುವಿನ ಅಂತರ. ಒಂದೊಂದು ಕಡೆ ಮೊದಲು ಹಾಕಿದವರು ಒಂದೊಂದು ಅಳತೆ ಹಿಡಿದರು, ಆಮೇಲೆ ಬದಲಿಸುವುದು ದುಬಾರಿಯಾಯಿತು. ಅರ್ಧಕ್ಕಿಂತ ಹೆಚ್ಚು ಜಗತ್ತು 1435 ಮಿ.ಮೀ. ಬಳಸುತ್ತದೆ. ರಷ್ಯಾ ಕಡೆ 1520, ಭಾರತದ ಬ್ರಾಡ್‌ಗೇಜ್ 1676, ಸ್ಪೇನಿನ ಹಳೇ ಲೈನುಗಳು 1668. ಬದಲಿಸಿದವರೂ ಇದ್ದಾರೆ. 1886ರ ಮೇ 31 ಮತ್ತು ಜೂನ್ 1ರಂದು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಸಾವಿರಾರು ಮೈಲಿ ದಾರಿಯ ಒಂದೊಂದು ಹಳಿಯನ್ನು ಮೂರು ಇಂಚು ಒಳಕ್ಕೆ ಸರಿಸಿದರು. ಮೊಳೆಗಳನ್ನು ಮುಂಚೆಯೇ ಹೊಡೆದು ಇಟ್ಟುಕೊಂಡಿದ್ದರು. ಸ್ಪೇನ್ ಬೇರೆ ದಾರಿ ಹಿಡಿಯಿತು, 1969ರಿಂದ ಅಲ್ಲಿನ ಟಾಲ್ಗೊ ರೈಲು ಗೇಜ್ ಬದಲಾಗುವ ಜಾಗದಲ್ಲಿ ಮೆಲ್ಲಗೆ ಸಾಗುತ್ತಲೇ ಚಕ್ರಗಳ ಅಂತರ ಬದಲಿಸಿಕೊಳ್ಳುತ್ತದೆ.

ಟೈಮ್‌ಟೇಬಲ್ ಓದೋದ್ರಲ್ಲಿ ಏನು ಮಜಾ?

ಅಂಕಿ ಬಿಡಿ, ಗೆರೆ ಹಾಕಿ ನೋಡಿ. ಅಡ್ಡಕ್ಕೆ ಗಂಟೆ, ಉದ್ದಕ್ಕೆ ಸ್ಟೇಷನ್‌ಗಳು. ಪ್ರತಿ ರೈಲು ಒಂದು ಓರೆ ಗೆರೆ. ಕಡಿದಾಗಿದ್ದರೆ ವೇಗದ ರೈಲು, ಮಲಗಿದ್ದರೆ ನಿಧಾನದ್ದು, ಪೂರ್ತಿ ಅಡ್ಡವಾದರೆ ನಿಂತಿದೆ. ಒಂಟಿ ಹಳಿಯಲ್ಲಿ ಎರಡು ಗೆರೆ ಕೂಡುವುದು ಸ್ಟೇಷನ್ನಿನಲ್ಲೇ ಆಗಿರಬೇಕು. 19ನೇ ಶತಮಾನದಿಂದಲೂ ರೈಲ್ವೆಯವರು ಹೀಗೆಯೇ ಓಡಾಟ ಹೊಂದಿಸುತ್ತಿದ್ದಾರೆ. ಮನೆ ಹತ್ತಿರದ ಲೈನಿಗೆ ಒಂದು ಹಾಳೆಯಲ್ಲಿ ಹಾಕಿ ನೋಡಿ. ಯಾವ ರೈಲು ಯಾರಿಗಾಗಿ ಕಾಯುತ್ತದೆ, ಗೂಡ್ಸ್ ಯಾವ ಸಂದಿನಲ್ಲಿ ನುಗ್ಗುತ್ತದೆ ಎಲ್ಲ ಕಾಣುತ್ತದೆ.

ನಮ್ಮ ಗಡಿಯಾರಕ್ಕೂ ಇದಕ್ಕೂ ನಂಟಿದೆ. ಮೊದಲು ಊರೂರಿಗೆ ಅದರದೇ ಸಮಯ. ಬ್ರಿಸ್ಟಲ್ ಗಡಿಯಾರ ಲಂಡನ್ನಿಗಿಂತ ಸುಮಾರು 10 ನಿಮಿಷ ಹಿಂದೆ. ಗ್ರೇಟ್ ವೆಸ್ಟರ್ನ್ ರೈಲ್ವೆ 1840ರಲ್ಲಿ ಎಲ್ಲ ಸ್ಟೇಷನ್ನಿಗೂ ಲಂಡನ್ ಸಮಯ ತಂದಿತು. ಅಮೆರಿಕದ ರೈಲ್ವೆಗಳು 1883ರ ನವೆಂಬರ್ 18ರಂದು ವಲಯಗಳ ಸಮಯಕ್ಕೆ ಬಂದವು. ಸರ್ಕಾರದ ಕಾನೂನು ಬಂದದ್ದು 1918ರಲ್ಲಿ.

ಅಪಘಾತದ ಬಗ್ಗೆ ಮಾತಾಡೋದು ಸರೀನಾ?

ಆದ ದಿನ ಬೇಡ. ಕಾರಣ ಊಹಿಸುವುದಂತೂ ಬೇಡ, ಡ್ಯೂಟಿಯಲ್ಲಿದ್ದ ಯಾರದೋ ತಲೆಗೆ ಕಟ್ಟಿದ ಹಾಗಾಗುತ್ತದೆ. ತನಿಖಾ ವರದಿ ಬಂದ ಮೇಲೆ ಕೂತು ಓದಿ. ಒಂದೇ ತಪ್ಪಿನಿಂದ ಆದ ದೊಡ್ಡ ಅಪಘಾತ ಬಹಳ ಕಡಿಮೆ. ನಾಲ್ಕೈದು ಸಣ್ಣ ಸಡಿಲುಗಳು ಒಂದೇ ರಾತ್ರಿ ಕೂಡಿಬಂದಿರುತ್ತವೆ.

ನಮ್ಮ ಕಡೆಯ ಹಳೇ ಲೈನ್ ಮುಚ್ಚಿದ್ದಾರೆ. ಏನಾದ್ರೂ ಮಾಡಬಹುದಾ?

ಮಾಡಿದವರಿದ್ದಾರೆ. ವೇಲ್ಸ್‌ನ ಟಾಲಿಲಿನ್ ಎಂಬ ಪುಟ್ಟ ರೈಲ್ವೆಯನ್ನು 1951ರಲ್ಲಿ ಆಸಕ್ತರೇ ಸ್ವಯಂಸೇವಕರಾಗಿ ನಡೆಸಲು ಶುರುಮಾಡಿದರು, ಇಂದಿಗೂ ಓಡುತ್ತಿದೆ. ಆದರೆ ಎಲ್ಲ ಲೈನಿಗೂ ಆ ಅದೃಷ್ಟ ಇಲ್ಲ. ಕಾನೂನು, ವಿಮೆ, ಬಾಯ್ಲರ್ ಪರೀಕ್ಷೆ ಎಲ್ಲಕ್ಕೂ ದುಡ್ಡು ಮತ್ತು ವರ್ಷಗಳು ಬೇಕು. ಓಡಿಸಲು ಆಗದಿದ್ದರೆ ದಾಖಲೆ ಮಾಡಿ. ಹಳೇ ಟಿಕೆಟ್, ಫೋಟೋ, ಸ್ಟೇಷನ್ ಬೋರ್ಡಿನ ಅಳತೆ, ಅಲ್ಲಿ ದುಡಿದವರ ಮಾತು. ಫೋಟೋದ ಹಿಂದೆ ಜಾಗ ಮತ್ತು ತಾರೀಖು ಬರೆಯಿರಿ, ದಯವಿಟ್ಟು. ಮಾತು ರೆಕಾರ್ಡ್ ಮಾಡುವುದಾದರೆ ಈ ತಿಂಗಳೇ ಹೋಗಿ, ದುಡಿದವರಿಗೆಲ್ಲ ವಯಸ್ಸಾಗಿದೆ.